ಕಾಡಿಲ್ಲದ ನಾಡಿಗೆ ಬಂದ ಮರ

ಕುವೈತಿನಲ್ಲಿ ಕಾಡಿಲ್ಲ; ಹರಿಯುವ ನದಿಯೂ ಇಲ್ಲ. ಸಹ್ಯಾದ್ರಿಯ ತಪ್ಪಲಿನಿಂದ ಬಂದ ನಮ್ಮವರು ಮೊದಲ ಸಲ ಇಲ್ಲಿಗೆ ಕಾಲಿಟ್ಟಾಗ ಮರುಕಪಡುವುದು ಇದಕ್ಕಾಗಿಯೇ. ಆದರೆ ಎಣ್ಣೆ ದೊರೆಯುವುದಕ್ಕೆ ಮೊದಲಿನ ಕುವೈತು ಮರವನ್ನು ನಂಬಿ ಬಾಳಿದ ಪಟ್ಟಣವಾಗಿತ್ತು. ಅದರ ಹಡಗು ಮರ, ಮನೆಯ ಮಾಡು ಮರ, ಬಾಗಿಲು ಮರ, ಮುತ್ತು ತೆಗೆಯುವ ದೋಣಿಯ ಹುಟ್ಟು ಸಹ ಮರ. ಈ ಮರವೆಲ್ಲ ಪರನಾಡಿನ ಕಾಡಿನಿಂದ ಬಂದದ್ದು. ಕಾಡಿನಿಂದ ಬಂದದ್ದೆಂದರೆ, ಯಾರೋ ಒಬ್ಬರ ಅಪ್ಪಣೆ ಪಡೆದು ಬಂದದ್ದು ಎಂದರ್ಥ. ಸ್ಮರಣ ಸಂಚಿಕೆಗೆ ಕುವೈತಿನಿಂದ ಒಂದು ಲೇಖನ ಬೇಕೆಂದು ಸಂಪಾದಕರು ಕೇಳಿದಾಗ ಅವರು ಬಹುಶಃ ಎಣ್ಣೆಯ ಕಥೆಯನ್ನೋ ಅನಿವಾಸಿಗಳ ಸಾಧನೆಯನ್ನೋ ನಿರೀಕ್ಷಿಸಿದ್ದರು. ನಾನು ಆ ಅಪ್ಪಣೆಯ ಕಥೆಯನ್ನು ಹೇಳಬಯಸುತ್ತೇನೆ. ಇದರಲ್ಲಿ ನಮ್ಮ ಕನ್ನಡ ಕರಾವಳಿಗೂ ಮಲೆನಾಡಿಗೂ ಪಾಲಿದೆ. ಸಮ್ಮೇಳನಕ್ಕೆ ಬಂದಿರುವ ಹಲವರ ಮನೆಯ ಅಟ್ಟದ ಮೇಲಿರುವ ಹಳೆಯ ಕಾಗದಗಳಿಗೂ ಪಾಲಿದೆ.

ಮರುಭೂಮಿಯಲ್ಲಿ ತಾನಾಗಿ ಬೆಳೆಯುವುದೇನೂ ಇರಲಿಲ್ಲವೆಂದಲ್ಲ. ಅರ್ಫಜ್ ಎಂಬ ಹಳದಿ ಹೂವಿನ ಪೊದೆ ಇಲ್ಲಿಯ ರಾಷ್ಟ್ರೀಯ ಪುಷ್ಪ. ಒಂದು ಕಾಲಕ್ಕೆ ಪಟ್ಟಣದ ಒಲೆಗೆ ಅದೇ ಸೌದೆ. ಬೆದೂಯಿನರು ಒಣಗಿದ ಅರ್ಫಜನ್ನು ಒಂಟೆಯ ಮೇಲೆ ಹೇರಿಕೊಂಡು ಬಂದು ಸಫಾತ್ ಬಯಲಿನ ಸಂತೆಯಲ್ಲಿ ಮಾರುತ್ತಿದ್ದರು. ಚಳಿಗಾಲದಲ್ಲಿ ಮಳೆ ಗುಡುಗು ಚೆನ್ನಾಗಿ ಬಂದ ವರ್ಷ ಮರಳಿನಡಿಯಲ್ಲಿ ಹುಟ್ಟುವ ಫಗಾ ಎಂಬ ಅಣಬೆಯನ್ನು ಅಗೆದು ತರುತ್ತಿದ್ದರು. ಈಗಲೂ ಅದರ ಬೆಲೆ ಕೇಳಿದರೆ ನಮ್ಮ ಕಡೆಯ ಕಲ್ಲಣಬೆ ನೆನಪಾಗುತ್ತದೆ. 1929ರಿಂದ ಇಲ್ಲಿ ನೆಲೆಸಿದ್ದ ವಯಲೆಟ್ ಡಿಕ್ಸನ್ ಎಂಬ ಆಂಗ್ಲ ಮಹಿಳೆ ಈ ಗಿಡಗಳನ್ನೆಲ್ಲ ಒಂದೊಂದಾಗಿ ಕಲೆಹಾಕಿ 1955ರಲ್ಲಿ ಕುವೈತ್ ಮತ್ತು ಬಹರೇನಿನ ಕಾಡುಹೂಗಳ ಬಗ್ಗೆ ಪುಸ್ತಕ ಬರೆದರು. ಆ ಕಾಲಕ್ಕೆ ಅರ್ಫಜ್ ಕೀಳಲು ಯಾರ ಚೀಟಿಯೂ ಬೇಕಿರಲಿಲ್ಲ. ಬುಡಕಟ್ಟುಗಳ ನಡುವಿನ ರೂಢಿಯೇ ಕಾನೂನು. ಇಂದು ಹಾಗಿಲ್ಲ. 2014ರ ಪರಿಸರ ಸಂರಕ್ಷಣಾ ಕಾನೂನಿನ ಪ್ರಕಾರ ಬಯಲಿನ ಗಿಡ ಕೀಳುವುದು ಅಪರಾಧ; ಚಳಿಗಾಲದಲ್ಲಿ ಮರುಭೂಮಿಯಲ್ಲಿ ಗುಡಾರ ಹಾಕುವುದಕ್ಕೂ ಪರವಾನಗಿ ಬೇಕು. ಕಾಡಿಲ್ಲದ ನಾಡು ಸಹ ಕೊನೆಗೆ ತನ್ನದೇ ಆದ ಅರಣ್ಯ ಕಾನೂನನ್ನು ಮಾಡಿಕೊಂಡಿತೆಂದು ನಾನು ತಮಾಷೆಗೆ ಹೇಳುವುದುಂಟು.

ಆದರೆ ಪೊದೆಯಿಂದ ಮನೆ ಕಟ್ಟಲಾಗದು, ಹಡಗಂತೂ ಆಗದು. ಕುವೈತಿನ ಹಳೆಯ ಮನೆಗಳಲ್ಲಿ ಉಳಿದಿರುವ ಕೆಲವನ್ನು, ಉದಾಹರಣೆಗೆ ಸಮುದ್ರದಂಡೆಯ ಡಿಕ್ಸನ್ ಹೌಸನ್ನು, ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ಕೋಣೆಗಳು ಎಷ್ಟೇ ಉದ್ದವಿರಲಿ, ಅಗಲದಲ್ಲಿ ಮಾತ್ರ ಇಕ್ಕಟ್ಟು. ಶ್ರೀಮಂತನ ಮನೆಯಾದರೂ ಅಷ್ಟೆ. ಇದಕ್ಕೆ ಕಾರಣ ಬಡತನವೂ ಅಲ್ಲ, ಬಿಸಿಲೂ ಅಲ್ಲ. ಮಾಡಿಗೆ ಹಾಕುತ್ತಿದ್ದ ತೊಲೆಯ ಉದ್ದವೇ ಅಷ್ಟು. ಚಂದಲ್ ಎಂದು ಇಲ್ಲಿ ಕರೆಯುವ ಆ ತೊಲೆ ಪೂರ್ವ ಆಫ್ರಿಕದ ಕಾಂಡ್ಲಾ ಕಾಡಿನ ಗಳ. ನಮ್ಮ ಕುಂದಾಪುರ, ಹೊನ್ನಾವರಗಳ ಅಳಿವೆಗಳಲ್ಲಿ ಉಪ್ಪುನೀರಿನಲ್ಲಿ ಬೇರೂರಿ ನಿಲ್ಲುವ ಕಾಂಡ್ಲಾ ಗಿಡದ ಬಳಗವೇ ಅದು. ನೇರವಾಗಿ ಬೆಳೆಯುತ್ತದೆ, ಗೆದ್ದಲು ಬೇಗ ಮುಟ್ಟುವುದಿಲ್ಲ. ಅದರ ಮೇಲೆ ಸೀಳಿದ ಬಿದಿರಿನ ಹೆಣಿಗೆ, ಅದರ ಮೇಲೆ ಚಾಪೆ, ಅದರ ಮೇಲೆ ಮಣ್ಣು. ಬಿದಿರು ಹಿಂದೂಸ್ಥಾನದ್ದು. ಹೀಗೆ ಒಂದು ಸಾಮಾನ್ಯ ಮನೆಯ ಮಾಡಿನಲ್ಲಿ ಎರಡು ಖಂಡಗಳ ಕಾಡು ಒಂದರ ಮೇಲೊಂದು ಮಲಗಿರುತ್ತಿತ್ತು.

ಹಡಗಿನ ಮಾತು ಬೇರೆ. ಬೂಮ್ ಎಂದು ಕರೆಯುವ, ಎರಡೂ ತುದಿ ಚೂಪಾದ ಕುವೈತಿ ಹಡಗಿನ ಹೊರಮೈ ಹಲಗೆ ತೇಗದ್ದೇ ಆಗಬೇಕು. ಅರಬ್ಬಿಯಲ್ಲಿ ತೇಗಕ್ಕೆ ಸಾಜ್ ಎನ್ನುತ್ತಾರೆ. ನಮ್ಮ ಸಾಗುವಾನಿಯ ಸೋದರಸಂಬಂಧಿ ಎಂದು ಕಿವಿಯೇ ಹೇಳುತ್ತದೆ. ಕೂವೆಮರಕ್ಕೆ ಸುರಹೊನ್ನೆಯ ಬಳಗದ ಎತ್ತರದ ಮರ ಒಳ್ಳೆಯದು. ಹಗ್ಗಕ್ಕೆ ತೆಂಗಿನ ನಾರು. ಪಶ್ಚಿಮಘಟ್ಟದ ಕಾಡು ಮತ್ತು ತೋಟ ಬಿಟ್ಟರೆ ಈ ಸಾಮಗ್ರಿಯೆಲ್ಲ ಒಂದೇ ಕಡೆ ಸಿಗುವ ಸ್ಥಳ ಅರಬ್ಬೀ ಸಮುದ್ರದ ಅಂಚಿನಲ್ಲಿ ಇನ್ನೊಂದಿಲ್ಲ. ಮಳೆಗಾಲ ಮುಗಿದೊಡನೆ ಕುವೈತಿನ ಹಡಗುಗಳು ಬಸ್ರಾದ ಷಟ್ಟುಲ್ ಅರಬ್ ನದಿಗೆ ಹೋಗಿ ಖರ್ಜೂರ ತುಂಬಿಕೊಂಡು ಕರಾಚಿ, ಮುಂಬಯಿ, ಗೋವೆ, ಮಂಗಳೂರು, ಕಲ್ಲಿಕೋಟೆಗಳತ್ತ ಹೊರಡುತ್ತಿದ್ದವು. ಖರ್ಜೂರ ಇಳಿಸಿ, ಮರ, ಹಗ್ಗ, ಹಂಚು, ಅಕ್ಕಿ ತುಂಬಿಕೊಂಡು ಮುಂದಿನ ಮಳೆಗಾಲಕ್ಕೆ ಮೊದಲೇ ಮನೆ ಸೇರುತ್ತಿದ್ದವು. ಲೆಕ್ಕವೆಲ್ಲ ರೂಪಾಯಿಯಲ್ಲಿ. 1961ರಲ್ಲಿ ದಿನಾರು ಬರುವವರೆಗೂ ಕುವೈತಿನಲ್ಲಿ ನಡೆಯುತ್ತಿದ್ದ ನಾಣ್ಯ ನಮ್ಮ ರೂಪಾಯಿಯೇ ಎಂಬುದನ್ನು ಕಿರಿಯರು ನಂಬುವುದಿಲ್ಲ.

ಕುವೈತಿನ ಹಡಗುಗಳ ತೇಗವೆಲ್ಲ ಕನ್ನಡ ನಾಡಿನದೆಂದು ಹೇಳಿಕೊಳ್ಳುವ ಆಸೆ ನನಗಿಲ್ಲ. ಸಮ್ಮೇಳನದ ಸಂಚಿಕೆಗಳಲ್ಲಿ ಇಂತಹ ಹೆಮ್ಮೆ ಸ್ವಲ್ಪ ಸುಲಭವಾಗಿ ಬರುತ್ತದೆ. ಮರದ ದೊಡ್ಡ ಪೇಟೆ ಕಲ್ಲಿಕೋಟೆಯ ಕಲ್ಲಾಯಿ. ನಮ್ಮ ಮಂಗಳೂರಿಗೆ ಹೆಸರು ಬಂದದ್ದು ಹೆಚ್ಚಾಗಿ ಹಂಚಿನಿಂದ. ಆದರೆ ಕಾಡಿನ ಆಡಳಿತದ ದೃಷ್ಟಿಯಿಂದ ಮಲಬಾರು ಮತ್ತು ಕೆನರಾ ಅವಳಿಗಳು. ತೇಗ ಕಡಿಯಲು ಅಪ್ಪಣೆ ಬೇಕೆಂಬ ಬ್ರಿಟಿಷರ ನಿಯಮ ಎರಡಕ್ಕೂ ಒಂದೇ ಸಲಕ್ಕೆ ಬಂದಿತು. ಹೋಗಿದ್ದೂ ಒಂದೇ ಸಲಕ್ಕೆ. ಆದ್ದರಿಂದ ಈ ಕಥೆಯನ್ನು ಎರಡು ಜಿಲ್ಲೆಗಳೂ ಹಂಚಿಕೊಳ್ಳಬೇಕಾಗಿದೆ.

ಅದಕ್ಕೂ ಹಿಂದಿನ ಕಾಲದಲ್ಲಿ ಮರದ ವ್ಯಾಪಾರವಿತ್ತು. ಹತ್ತನೆಯ ಶತಮಾನದ ಅರಬ್ಬೀ ಭೂಗೋಳಕಾರರು ಪರ್ಷಿಯದ ಕರಾವಳಿಯ ಸಿರಾಫ್ ಪಟ್ಟಣದ ಮನೆಗಳು ತೇಗದವೆಂದು ಬರೆದಿದ್ದಾರೆ. ಅರಸರ ಕಾಲದಲ್ಲಿಯೂ ಕಾಡಿನ ಉತ್ಪನ್ನಕ್ಕೆ ಸುಂಕವಿತ್ತು, ಮೀಸಲು ಮರಗಳಿದ್ದವು. ಶ್ರೀಗಂಧವನ್ನು ರಾಜವೃಕ್ಷವೆಂದು ಟೀಪು ಸುಲ್ತಾನ 1792ರಲ್ಲಿ ಸಾರಿದ್ದು ಎಲ್ಲರಿಗೂ ತಿಳಿದಿದೆ. ಆತನಿಗೆ ಮಸ್ಕತ್ತಿನಲ್ಲಿ ವ್ಯಾಪಾರದ ಕೋಠಿಯೂ ಇತ್ತು. ಆದರೆ ಗಂಧದ ಒಂದು ಜಾತಿಯನ್ನು ಮೀಸಲಿಡುವುದು ಬೇರೆ, ಕಾಡಿಗೆ ಕಾಡನ್ನೇ ಮೀಸಲಿಡುವುದು ಬೇರೆ. ಎರಡನೆಯದು ಕಂಪನಿ ಸರ್ಕಾರದ ಕಾಲದ ಬೆಳೆ.

ನೆಪೋಲಿಯನ್ನನ ಯುದ್ಧಗಳಲ್ಲಿ ಇಂಗ್ಲೆಂಡಿನ ನೌಕಾಪಡೆಗೆ ಓಕ್ ಮರದ ಕೊರತೆಯುಂಟಾಯಿತು. ಮುಂಬಯಿಯ ಹಡಗುಕಟ್ಟೆಯಲ್ಲಿ ಕಟ್ಟಿದ ತೇಗದ ಹಡಗುಗಳು ಗಟ್ಟಿಯೆಂದು ಅಷ್ಟರಲ್ಲಿ ಸಿದ್ಧವಾಗಿತ್ತು. 1806ರ ನವೆಂಬರಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಅರಣ್ಯಗಳ ಕನ್ಸರ್ವೇಟರನನ್ನಾಗಿ ನೇಮಿಸಿದರು. ಭಾರತದಲ್ಲಿ ಈ ಹುದ್ದೆಯ ಮೊದಲಿಗ ಈತನೇ. ಮುಂದಿನ ವರ್ಷ ತೇಗದ ಮೇಲೆ ಕಂಪನಿಯ ಏಕಸ್ವಾಮ್ಯ ಘೋಷಣೆಯಾಯಿತು. ಅಪ್ಪಣೆಯಿಲ್ಲದೆ ಯಾರೂ ತೇಗ ಕಡಿಯುವಂತಿಲ್ಲ. ಖಾಸಗಿ ಭೂಮಿಯಲ್ಲಿ ಬೆಳೆದದ್ದನ್ನೂ ಕಡಿಯುವಂತಿಲ್ಲ. ವಾಟ್ಸನ್ ಕೆಲಸದಲ್ಲಿ ಚುರುಕು. ಮುಂಬಯಿಗೆ ಮರವನ್ನು ರಾಶಿ ರಾಶಿಯಾಗಿ ಕಳುಹಿಸಿದ. ಆದರೆ ಭೂಮಾಲೀಕರೂ ವ್ಯಾಪಾರಿಗಳೂ ರೈತರೂ ಒಟ್ಟಿಗೆ ತಿರುಗಿಬಿದ್ದರು. ಕೊನೆಗೆ ಮದ್ರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1823ರಲ್ಲಿ ಆ ಹುದ್ದೆಯನ್ನೂ ಏಕಸ್ವಾಮ್ಯವನ್ನೂ ರದ್ದುಗೊಳಿಸಿದ. ಮನ್ರೋ 1799ರಿಂದ ಸ್ವಲ್ಪ ಕಾಲ ಕೆನರಾದ ಕಲೆಕ್ಟರನಾಗಿ ಈ ಘಟ್ಟದ ಕೆಳಗಿನ ಮಳೆಯಲ್ಲಿ ನೆನೆದವನು. ಇಲ್ಲಿಯ ರೈತನ ತಕರಾರು ಆತನಿಗೆ ಕಡತದ ಮೂಲಕ ತಿಳಿಯಬೇಕಾಗಿರಲಿಲ್ಲ.

ಮುಂದಿನ ಕೆಲವು ದಶಕ ಮರದ ವ್ಯಾಪಾರಿಗಳಿಗೆ ಸುಗ್ಗಿ. ಘಟ್ಟದ ಹೊಳೆಗಳ ಇಕ್ಕೆಲದಲ್ಲಿ, ನೀರಿಗೆ ಉರುಳಿಸಲು ಸುಲಭವಾದಷ್ಟು ದೂರದ ತೇಗವೆಲ್ಲ ಮುಗಿಯುತ್ತ ಬಂದಿತು. ಸರ್ಕಾರಕ್ಕೆ ಮತ್ತೆ ದಿಗಿಲಾಯಿತು. ಮುಂಬಯಿ ಪ್ರಾಂತದಲ್ಲಿ 1847ರಲ್ಲಿ ಡಾಕ್ಟರ್ ಗಿಬ್ಸನ್, ಮದ್ರಾಸಿನಲ್ಲಿ 1856ರಲ್ಲಿ ಡಾಕ್ಟರ್ ಕ್ಲೆಘಾರ್ನ್ ಕನ್ಸರ್ವೇಟರುಗಳಾದರು. ಇಬ್ಬರೂ ವೈದ್ಯರು, ಸಸ್ಯಶಾಸ್ತ್ರ ಬಲ್ಲವರು. ಕಾಡು ಹಾಳಾಗುತ್ತಿದೆಯೆಂದು ಅವರು ಕಂಡದ್ದು ಸರಿಯೇ. ಆದರೆ ಹಾಳು ಮಾಡಿದವರು ಯಾರೆಂಬ ಪ್ರಶ್ನೆ ಬಂದಾಗ ಬೆರಳು ಹಡಗುಕಟ್ಟೆಯ ಕಡೆಗೆ ಹೋದದ್ದಕ್ಕಿಂತ ಹೆಚ್ಚಾಗಿ ಕುಮರಿ ಸಾಗುವಳಿ ಮಾಡುವವರ ಕಡೆಗೆ ಹೋಯಿತು. ಗುಡ್ಡದ ಮೇಲೆ ಪೊದೆ ಕಡಿದು ಸುಟ್ಟು, ರಾಗಿ ಬಿತ್ತಿ, ಒಂದೆರಡು ವರ್ಷಕ್ಕೆ ಜಾಗ ಬದಲಿಸುತ್ತಿದ್ದ ಬಡವರವರು. 1860ರಲ್ಲಿ ಮದ್ರಾಸ್ ಸರ್ಕಾರ ಕುಮರಿಯನ್ನು ನಿಷೇಧಿಸಿತು. ಹಡಗಿಗೆ ಮರ ಹೋಗುವುದು ನಿಲ್ಲಲಿಲ್ಲ.

1862ರಲ್ಲಿ ಕೆನರಾ ಇಬ್ಭಾಗವಾಗಿ ಉತ್ತರ ಭಾಗ ಮುಂಬಯಿ ಪ್ರಾಂತಕ್ಕೆ ಸೇರಿತು. ಅಂದಿನಿಂದ ಒಂದೇ ಮಳೆ, ಒಂದೇ ಮಣ್ಣು, ಒಂದೇ ಭಾಷೆಯ ಜನ ಎರಡು ಅರಣ್ಯ ಕಾನೂನುಗಳಿಗೆ ಒಳಗಾದರು: ಉತ್ತರಕ್ಕೆ 1878ರ ಭಾರತೀಯ ಅರಣ್ಯ ಕಾಯಿದೆ, ದಕ್ಷಿಣಕ್ಕೆ 1882ರ ಮದ್ರಾಸ್ ಅರಣ್ಯ ಕಾಯಿದೆ. 1878ರ ಕಾಯಿದೆ ಕಾಡನ್ನು ದರ್ಜೆಗಳಾಗಿ ವಿಂಗಡಿಸಿತು. ಮೀಸಲು ಅರಣ್ಯದಲ್ಲಿ ಅನುಮತಿಸದ್ದೆಲ್ಲವೂ ನಿಷಿದ್ಧ. ರಕ್ಷಿತ ಅರಣ್ಯದಲ್ಲಿ ನಿಷೇಧಿಸದ್ದೆಲ್ಲವೂ ಸಮ್ಮತ. ಕೇಳಲು ಎರಡನೆಯದು ಉದಾರವೆನಿಸುತ್ತದೆ. ಆದರೆ ನಿಷೇಧದ ಪಟ್ಟಿ ವರ್ಷ ವರ್ಷ ಬೆಳೆಯುತ್ತ ಹೋದಂತೆ ಸಾಮಾನ್ಯನಿಗೆ ಎರಡರ ನಡುವಿನ ಅಂತರ ಕಾಣದಂತಾಯಿತು. ಹಳೆಯ ಹಕ್ಕುಗಳಿಗೆ ಹೊಸ ಹೆಸರು ಬಂದಿತು. ಸಿರಸಿ, ಸಿದ್ದಾಪುರಗಳಲ್ಲಿ ಅಡಿಕೆ ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದಲ್ಲಿ ವರ್ಗ ಜಮೀನಿನ ಅಂಚಿನಿಂದ 100 ಗಜದವರೆಗಿನ ಕುಮ್ಕಿ, ಕೊಡಗಿನಲ್ಲಿ ಬಾಣೆ. ಇವನ್ನು ಸರ್ಕಾರ ಹಕ್ಕೆಂದು ಕರೆಯಲು ಒಪ್ಪಲಿಲ್ಲ, ಸವಲತ್ತು ಎಂದಿತು. ಹಕ್ಕನ್ನು ಕಿತ್ತುಕೊಂಡರೆ ಕೋರ್ಟಿಗೆ ಹೋಗಬಹುದು, ಸವಲತ್ತನ್ನು ಹಿಂತೆಗೆದುಕೊಂಡರೆ ಅರ್ಜಿ ಮಾತ್ರ ಹಾಕಬಹುದು. ಅದೂ ಜಮೀನಿದ್ದವನ ಮಾತಾಯಿತು. ಜೋಯಿಡಾದ ಕುಣಬಿ, ಯಲ್ಲಾಪುರದ ಸಿದ್ದಿ, ಗೌಳಿ, ಇವರ ಹೆಸರಿನಲ್ಲಿ ತೋಟವೇ ಇಲ್ಲದ ಮೇಲೆ ಸೊಪ್ಪಿನ ಬೆಟ್ಟ ಎಲ್ಲಿಂದ ಬರಬೇಕು?

ಒಂದು ಮರದ ಪ್ರಯಾಣವನ್ನು ಗಮನಿಸಿದರೆ ಕಾಗದದ ಕೆಲಸ ಅರ್ಥವಾಗುತ್ತದೆ. ಕಾಳೀ ನದಿಯ ಮೇಲ್ಭಾಗದಲ್ಲಿ ಗುರುತು ಹಾಕಿದ ತೇಗವನ್ನು ಕಡಿದು, ಎತ್ತು, ಆನೆಗಳಿಂದ ಎಳೆಸಿ, ನೀರಿಗೆ ಬಿಟ್ಟು, ಕಾರವಾರದ ಬಳಿ ಕೋಡಿಬಾಗದ ಡಿಪೋಗೆ ತರುತ್ತಿದ್ದರು. ಮರದ ತುದಿಗೆ ಇಲಾಖೆಯ ಸುತ್ತಿಗೆಯ ಮುದ್ರೆ ಬಿದ್ದಿರಬೇಕು. ಸಾಗಿಸುವವನ ಕೈಯಲ್ಲಿ ರಹದಾರಿ ಪಾಸು ಇರಬೇಕು. ಅದರಲ್ಲಿ ಮರದ ಜಾತಿ, ಸುತ್ತಳತೆ, ಎಷ್ಟು ತುಂಡು, ಯಾವ ದಾರಿ, ಯಾವ ದಿನದೊಳಗೆ. ನಾಕೆಯಲ್ಲಿ ಲೆಕ್ಕ ತಾಳೆಯಾಗಬೇಕು. ಇಷ್ಟೆಲ್ಲ ಆದ ಮೇಲೆ ಡಿಪೋದಲ್ಲಿ ಹರಾಜು. ಹರಾಜಿನಲ್ಲಿ ಕೊಂಡ ದೊಡ್ಡ ವ್ಯಾಪಾರಿ ಮುಂದೆ ಯಾರಿಗೆ ಬೇಕಾದರೂ ಮಾರಬಹುದು. ಪೇಟೆಗೆ ಬಂದ ಅರಬ್ ನಾಖುದನಿಗೆ ಕಾಡಿನ ಪರವಾನಗಿಯ ಗೊಡವೆಯೇ ಇರಲಿಲ್ಲ. ಅವನ ಕಣ್ಣಿಗೆ ಬೀಳುವುದು ಮರದ ತುದಿಯ ಮುದ್ರೆ ಮಾತ್ರ. ಅಪ್ಪಣೆಯ ಭಾರ ಪೂರ್ತಿಯಾಗಿ ಘಟ್ಟದ ಮೇಲೆಯೇ ಇಳಿದುಹೋಗಿರುತ್ತಿತ್ತು.

ಆ ಭಾರ ಎಂತಹದೆಂದು ನಾನು ಬಲ್ಲೆ. ನಾನು ಉತ್ತರ ಕನ್ನಡದ ಹಳ್ಳಿಯೊಂದರಲ್ಲಿ ಹುಟ್ಟಿದವನು. ನಮ್ಮ ತಂದೆಯವರು ಮನೆಯ ಮಾಡಿನ ಪಕಾಸಿಗೆಂದು ನಾಲ್ಕು ಮರಕ್ಕೆ ಅರ್ಜಿ ಬರೆದದ್ದು ನನಗೆ ನೆನಪಿದೆ. ಮರ ಕಾಣುತ್ತಿದ್ದದ್ದು ನಮ್ಮ ಅಂಗಳದಿಂದ; ಅರ್ಜಿ ಕೊಡಬೇಕಾಗಿದ್ದದ್ದು ಎರಡು ಬಸ್ಸು ಬದಲಿಸಿ ಹೋಗುವ ಊರಿನಲ್ಲಿ. ಅರ್ಜಿ, ಅದಕ್ಕೆ ಪಹಣಿಯ ನಕಲು, ಸ್ಥಳ ಪರಿಶೀಲನೆಗೆ ಗಾರ್ಡನ ಬರವು, ಖಜಾನೆಯಲ್ಲಿ ಹಣ ಕಟ್ಟಿದ ಚಲನ್ನು. ದೀಪಾವಳಿ ಕಳೆದ ಮೇಲೆ ಕೊಟ್ಟ ಅರ್ಜಿಗೆ ಅಪ್ಪಣೆ ಬಂದಾಗ ಮೃಗಶಿರ ಮಳೆ ಹಿಡಿದಾಗಿತ್ತು. ಆ ವರ್ಷ ಹಳೆಯ ಪಕಾಸಿನ ಮೇಲೆಯೇ ಹೊದಿಕೆ ಹಾಕಿದೆವು. ತಂದೆಯವರು ಆ ಪರವಾನಗಿಯನ್ನು ಎಸೆಯಲಿಲ್ಲ. ತಗಡಿನ ಪೆಟ್ಟಿಗೆಯಲ್ಲಿ, ಜಾತಕಗಳ ಕೆಳಗೆ, ಮಡಚಿ ಇಟ್ಟರು. ಸರ್ಕಾರದ ಮುದ್ರೆ ಬಿದ್ದ ಕಾಗದವನ್ನು ಎಸೆಯಬಾರದೆಂಬುದು ಆ ತಲೆಮಾರಿನ ನಂಬಿಕೆ.

ಜನ ಸುಮ್ಮನೆ ಇದ್ದರೆಂದು ತಿಳಿಯಬಾರದು. 1930ರ ಕಾನೂನುಭಂಗ ಚಳವಳಿಯಲ್ಲಿ ಉತ್ತರ ಕನ್ನಡದವರು ಉಪ್ಪಿನ ಜೊತೆಗೆ ಅರಣ್ಯ ಕಾನೂನನ್ನೂ ಮುರಿದರು. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲು ಮರ ಕಡಿದು ನಡೆಸಿದ ಸತ್ಯಾಗ್ರಹದಲ್ಲಿ ಎಸ್. ನಿಜಲಿಂಗಪ್ಪನವರು ಸೆರೆಮನೆ ಕಂಡರು. ಈ ಹೋರಾಟಗಳ ಬಗ್ಗೆ ಬೇರೆಯವರು ವಿವರವಾಗಿ ಬರೆದಿರುವುದರಿಂದ ನಾನು ಇಲ್ಲಿ ನಿಲ್ಲುವುದಿಲ್ಲ.

ಅದೇ 1939ರಲ್ಲಿ ಕುವೈತಿನ ಹಡಗೊಂದು ಕಾಡಿನ ಬಾಗಿಲಿಗೇ ಹೋಗಿ ನಿಂತದ್ದನ್ನು ಮಾತ್ರ ಹೇಳಬೇಕು. ಆಸ್ಟ್ರೇಲಿಯದ ನಾವಿಕ, ಲೇಖಕ ಅಲನ್ ವಿಲಿಯರ್ಸ್ 1938ರ ಕೊನೆಯಲ್ಲಿ ಏಡನ್ನಿನಲ್ಲಿ ‘ಬಯಾನ್’ ಎಂಬ ಕುವೈತಿ ಬೂಮನ್ನು ಹತ್ತಿದರು. ಅದರ ನಾಖುದ ಅಲೀ ಬಿನ್ ನಾಸಿರ್ ಅಲ್ ನಜ್ದೀ. ಹಡಗು ಸೋಮಾಲಿಯ, ಮೊಂಬಾಸಾ, ಜಾಂಜಿಬಾರ್ ಮುಟ್ಟಿ, ಅಂದಿನ ಟಾಂಗಾನ್ಯಿಕದ ರುಫಿಜಿ ನದಿಯ ಮುಖಜ ಭೂಮಿಗೆ ಬಂದಿತು. ಅಲ್ಲಿಯ ಕಾಂಡ್ಲಾ ಕಾಡು ಜರ್ಮನರ ಆಳ್ವಿಕೆಯ ಕಾಲದಿಂದಲೇ ಸರ್ಕಾರದ ಮೀಸಲು. ಆಮೇಲೆ ಬಂದ ಬ್ರಿಟಿಷರೂ ಹಾಗೆಯೇ ಇಟ್ಟುಕೊಂಡಿದ್ದರು. ಗಳ ಬೇಕಾದ ಹಡಗಿನವನು ಪರವಾನಗಿ ಪಡೆದು ರಾಜಧನ ಕಟ್ಟಬೇಕು. ಎಣಿಕೆ ಇಪ್ಪತ್ತರ ಲೆಕ್ಕದಲ್ಲಿ. ಸ್ವಾಹಿಲಿಯಲ್ಲಿ ಇದಕ್ಕೆ ಕೋರಿಜ ಎನ್ನುತ್ತಾರೆ, ಹಿಂದೂಸ್ಥಾನಿಯ ಕೋಡಿಯ ನೆಂಟ. ಕಲ್ಲಾಯಿಯಲ್ಲಿ ಪೇಟೆಯ ಗಿರಾಕಿಯಾಗಿ ಮುದ್ರೆಯನ್ನು ಮಾತ್ರ ನೋಡುತ್ತಿದ್ದ ಕುವೈತಿ ನಾಖುದ, ರುಫಿಜಿಯ ಕೆಸರಿನಲ್ಲಿ ನಮ್ಮ ರೈತನಂತೆಯೇ ಅರ್ಜಿದಾರನಾದ. ಒಂದು ವ್ಯತ್ಯಾಸವಿತ್ತು. ನಾಖುದನಿಗೆ ಅಪ್ಪಣೆ ತಡವಾದರೆ ಗಾಳಿ ತಪ್ಪುತ್ತದೆ, ನಷ್ಟವಾಗುತ್ತದೆ, ಆತ ಲಾಮುವಿನ ಕಡೆಗೋ ಬೇರೆಡೆಗೋ ಹೋಗಬಲ್ಲ. ಆ ಕಾಂಡ್ಲಾ ಕಾಡಿನ ನಡುವೆಯೇ ಬಾಳುತ್ತಿದ್ದ, ಸೊಂಟದವರೆಗಿನ ಹೂಳಿನಲ್ಲಿ ನಿಂತು ಗಳ ಕಡಿದುಕೊಡುತ್ತಿದ್ದ ಕೂಲಿಯವನು ಎಲ್ಲಿಗೆ ಹೋಗಬೇಕು? ವಿಲಿಯರ್ಸ್ ತಮ್ಮ ಪ್ರಯಾಣದ ಪುಸ್ತಕವನ್ನು 1940ರಲ್ಲಿ ಪ್ರಕಟಿಸಿದರು. ಹಡಗುಗಳ ಆ ಬಾಳಿನ ಬಗ್ಗೆ ಅದಕ್ಕಿಂತ ಉತ್ತಮ ಪುಸ್ತಕವನ್ನು ನಾನು ಕಂಡಿಲ್ಲ.

ನಂತರದ ಕಥೆ ಬೇಗ ಮುಗಿಯುತ್ತದೆ. ಬುರ್ಗಾನಿನಲ್ಲಿ 1938ರಲ್ಲಿ ಎಣ್ಣೆ ಸಿಕ್ಕಿತ್ತು. ಯುದ್ಧ ಮುಗಿದ ಮೇಲೆ 1946ರಲ್ಲಿ ರಫ್ತು ಆರಂಭವಾಯಿತು. ಸಿಮೆಂಟು, ಕಬ್ಬಿಣ ಬಂದವು. ಕೋಣೆಗಳ ಅಗಲ ಚಂದಲಿನ ಹಿಡಿತದಿಂದ ಬಿಡುಗಡೆಯಾಯಿತು. 1957ರಲ್ಲಿ ಊರಿನ ಕೋಟೆಗೋಡೆ ಉರುಳಿತು, ಮಣ್ಣಿನ ಮನೆಗಳೂ ಒಂದೊಂದಾಗಿ ಹೋದವು. ಕೀನ್ಯಾ ಸರ್ಕಾರ 1982ರಲ್ಲಿ ಕಾಂಡ್ಲಾ ಗಳದ ರಫ್ತನ್ನೇ ನಿಲ್ಲಿಸಿತು. ಸರಕು ಸಾಗಿಸಿದ ಹಳೆಯ ಬೂಮ್‌ಗಳಲ್ಲಿ 1937ರ ‘ಅಲ್ ಮುಹಲ್ಲಬ್’ ವಸ್ತುಸಂಗ್ರಹಾಲಯದ ಅಂಗಳದಲ್ಲಿತ್ತು. ಇರಾಕಿನ ಆಕ್ರಮಣದ ಕಾಲದಲ್ಲಿ ಸುಟ್ಟು ಬೂದಿಯಾಯಿತು. 1938ರಲ್ಲಿ ಕಟ್ಟಿದ ‘ಫತೇಹುಲ್ ಖೈರ್’ ಉಳಿದುಕೊಂಡಿದೆ. ಸಾಲ್ಮಿಯಾದ ವಿಜ್ಞಾನ ಕೇಂದ್ರದ ಬಳಿ ಅದನ್ನು ನೋಡಬಹುದು. ಕುವೈತಿಗೆ ಬರುವ ಬಂಧುಗಳನ್ನು ನಾನು ಮಾಲುಗಳಿಗೆ ಕರೆದೊಯ್ಯುವ ಮೊದಲು ಅಲ್ಲಿಗೆ ಕರೆದೊಯ್ಯುತ್ತೇನೆ. ಕಾಡಿನ ಸರಕಿನಲ್ಲಿ ಇಂದಿಗೂ ಇಲ್ಲಿಗೆ ಬರುವುದು ಊದ್, ಅಂದರೆ ಅಗರು. ಮುಬಾರಕೀಯಾ ಪೇಟೆಯಲ್ಲಿ ಅದರ ಹೊಗೆಯ ಪರಿಮಳವಿಲ್ಲದ ಸಂಜೆಯಿಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಅಗರಿನ ಮುಖ್ಯ ಜಾತಿ 1995ರಲ್ಲಿ ಸೇರಿತು. ಅದಕ್ಕೂ ಈಗ ಒಂದು ಪರವಾನಗಿ!

ಈಗ ಕಾಗದದ ವಿಚಾರಕ್ಕೆ ಬರುತ್ತೇನೆ. ಕುವೈತಿನ ನಾಖುದರು ದಿನಚರಿ ಬರೆಯುತ್ತಿದ್ದರು. ಗಾಳಿಯ ದಿಕ್ಕು, ಬಂದರು, ಏರಿಸಿದ ಇಳಿಸಿದ ಸರಕು, ಎಲ್ಲ ಅದರಲ್ಲಿರುತ್ತದೆ. ಆ ಪುಸ್ತಕಕ್ಕೆ ಅವರು ಇಟ್ಟ ಹೆಸರು ರೂಜ್‌ನಾಮಾ. ನಮ್ಮ ಕಂದಾಯ ಕಛೇರಿಗಳ ರೋಜನಾಮೆಯೇ ಅದು, ಪರ್ಷಿಯನ್ ಭಾಷೆ ಎರಡು ಕಡೆಗೂ ಕೊಟ್ಟ ಶಬ್ದ. ಇತಿಹಾಸಕಾರ ಯಾಕೂಬ್ ಯೂಸುಫ್ ಅಲ್ ಹಿಜ್ಜೀ ಹಳೆಯ ನಾವಿಕರ ಮತ್ತು ಬಡಗಿಗಳ ಬಾಯಿಂದ ಕೇಳಿ, ಮನೆಮನೆಗಳಿಂದ ಇಂತಹ ಪುಸ್ತಕಗಳನ್ನು ಹೊರತೆಗೆದರು. 1992ರಲ್ಲಿ ಸ್ಥಾಪಿತವಾದ ಕುವೈತ್ ಅಧ್ಯಯನ ಕೇಂದ್ರ ಇಂತಹ ದಾಖಲೆಗಳನ್ನು ಕಾಪಾಡಿ ಪ್ರಕಟಿಸುತ್ತ ಬಂದಿದೆ. ಸಣ್ಣ ದೇಶವೊಂದು ತನ್ನ ನಾವಿಕರ ಬಗ್ಗೆ ತೋರಿದ ಈ ಶ್ರದ್ಧೆಯನ್ನು ನೋಡಿ ನನಗೆ ಅಸೂಯೆಯಾಗಿದೆ. ಮರ ಕೊಂಡವನ ದಿನಚರಿ ಉಳಿಯಿತು. ಮರ ಕಡಿದವನು, ಎಳೆದವನು, ಜೇನು, ಸೀಗೆ, ಉಪ್ಪಾಗೆ, ದಾಲ್ಚಿನ್ನಿ ಕೊಯ್ದವನು ದಿನಚರಿ ಬರೆಯಲಿಲ್ಲ. ಅವನ ಹೆಸರು ಸರ್ಕಾರದ ಕಾಗದದಲ್ಲಿ ಕಾಣಿಸಿಕೊಂಡಿದ್ದರೆ ಅದು ಎರಡೇ ಕಡೆ: ಪರವಾನಗಿಯ ಪುಸ್ತಕದಲ್ಲಿ, ಇಲ್ಲವೇ ಅರಣ್ಯ ಅಪರಾಧದ ಪುಸ್ತಕದಲ್ಲಿ.

ಈ ಎರಡು ಪುಸ್ತಕಗಳಿಗೆ ಈಗ ಹಿಂದೆಂದೂ ಇರದಿದ್ದ ಬೆಲೆ ಬಂದಿದೆ. 2006ರ ಅರಣ್ಯ ಹಕ್ಕುಗಳ ಕಾಯಿದೆ ಕಿರು ಅರಣ್ಯ ಉತ್ಪನ್ನವನ್ನು ಸಂಗ್ರಹಿಸುವುದನ್ನೂ ಮಾರುವುದನ್ನೂ ಸವಲತ್ತೆನ್ನದೆ ಹಕ್ಕ್ಕೆಂದೇ ಕರೆಯಿತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅಭಯಾರಣ್ಯದ ನಿಯಮದ ಹೆಸರಿನಲ್ಲಿ ಜೇನು, ನೆಲ್ಲಿಕಾಯಿ, ಪಾಚಿ ಕೀಳುವುದು ನಿಷಿದ್ಧವಾಗಿತ್ತು. 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ದೊರೆಯಿತು. 2012ರಲ್ಲಿ ನಿಯಮ ತಿದ್ದುಪಡಿಯಾಗಿ ಅಂತಹ ಉತ್ಪನ್ನವನ್ನು ಸಾಗಿಸುವ ಪಾಸನ್ನು ಗ್ರಾಮಸಭೆಯ ಸಮಿತಿಯೇ ಕೊಡಬಹುದೆಂದಾಯಿತು. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ಅವಲಂಬಿಸಿ ಅಲ್ಲಿಯೇ ಇದ್ದುದನ್ನು ತೋರಿಸಬೇಕು. ಲೆಕ್ಕ ಹಾಕಿದರೆ 1930ಕ್ಕೆ ಹೋಗುತ್ತದೆ, ಸತ್ಯಾಗ್ರಹದ ವರ್ಷಕ್ಕೆ. ಉತ್ತರ ಕನ್ನಡದಲ್ಲಿ, ಮಲೆನಾಡಿನಲ್ಲಿ ಎಷ್ಟೋ ಅರ್ಜಿಗಳು ಈ ಒಂದು ಕಾರಣಕ್ಕೆ ಬಿದ್ದುಹೋಗಿವೆ. ಓದು ಬರಹವಿಲ್ಲದ, ಜೋಪಡಿಗೆ ಮನೆ ನಂಬರಿಲ್ಲದ ಕುಟುಂಬ 1930ರ ಕಾಗದವನ್ನು ಎಲ್ಲಿಂದ ತರಬೇಕು?

ಕಾಯಿದೆಯ ನಿಯಮಗಳಲ್ಲಿ ಯಾವುದು ಸಾಕ್ಷ್ಯವೆಂಬ ಪಟ್ಟಿಯಿದೆ. ಗೆಜೆಟಿಯರು, ಜನಗಣತಿ, ಸೆಟ್ಲಮೆಂಟ್ ವರದಿ, ಅರಣ್ಯ ಇಲಾಖೆಯ ದಾಖಲೆ, ಹಿಂದಿನ ಸಂಸ್ಥಾನಗಳ ಕಾಗದ, ಅರ್ಜಿದಾರರಲ್ಲದ ಹಿರಿಯರು ಹೇಳಿ ಬರೆಯಿಸಿದ ಹೇಳಿಕೆ, ಇವೆಲ್ಲ ಸಲ್ಲುತ್ತವೆ. ಒಂದೇ ದಾಖಲೆ ಬೇಕೆಂದು ಹಟ ಹಿಡಿಯುವಂತಿಲ್ಲ. ಈ ಸಮ್ಮೇಳನಕ್ಕೆ ಬಂದಿರುವ ನಮ್ಮಲ್ಲಿ ಮಲೆನಾಡು, ಕರಾವಳಿ, ಕೊಡಗು, ಕಾಸರಗೋಡುಗಳ ಜಮೀನುದಾರ ಮನೆತನದವರು ಹಲವರಿದ್ದೀರಿ. ಊರಿನ ಮನೆ ಮಾರುವಾಗ, ಕೆಡಹುವಾಗ ಅಟ್ಟದ ಕಾಗದಗಳನ್ನು ಒಲೆಗೆ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರಲ್ಲಿ ವರ್ಗದ ಪತ್ರವಿರುತ್ತದೆ, ಪಾಸುಗಳಿರುತ್ತವೆ, ಅಜ್ಜನ ಕೈಯ ರೋಜು ಕೀರ್ದಿ ಇರುತ್ತದೆ. ಯಾವ ವರ್ಷ ಯಾರು ಜೇನು ತಂದುಕೊಟ್ಟರು, ಯಾವ ಕೇರಿಯವರು ಸೊಪ್ಪು ಹೊತ್ತರು, ಎಷ್ಟು ಆಣೆ ಸಂದಿತು ಎಂಬ ಸಾಲುಗಳು ಅದರಲ್ಲಿರುತ್ತವೆ. ನಿಮ್ಮ ಮನೆತನಕ್ಕೆ ಅದು ಬರಿಯ ಲೆಕ್ಕ. ಪಕ್ಕದ ಗುಡ್ಡದ ಮೇಲಿನವನಿಗೆ ತನ್ನ ಅಜ್ಜ ಅಲ್ಲಿದ್ದನೆಂಬುದಕ್ಕೆ ಬೇರೆ ಬರವಣಿಗೆಯೇ ಇಲ್ಲದಿರಬಹುದು.

ಕಳೆದ ಸಲ ರಜೆಗೆ ಊರಿಗೆ ಹೋದಾಗ ನಮ್ಮ ತಗಡಿನ ಪೆಟ್ಟಿಗೆಯನ್ನು ತೆಗೆದು ಕುಳಿತೆ. ತಂದೆಯವರ ಪರವಾನಗಿಯ ಕೆಳಗೆ ಅಜ್ಜನ ಕಾಲದ ಒಂದು ಕೀರ್ದಿ ಪುಸ್ತಕವಿತ್ತು. ಗೆದ್ದಲು ಒಂದು ಮೂಲೆಯನ್ನು ತಿಂದಿತ್ತು. ಅದರ ಹಾಳೆಗಳ ಚಿತ್ರ ತೆಗೆದು, ನಮ್ಮ ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಪ್ರತಿ ಕೊಟ್ಟು ಬಂದಿದ್ದೇನೆ. ಅದರಲ್ಲಿ ಹೆಸರಿದ್ದ ಮೂರು ಮನೆಯವರು ತಮ್ಮ ಅರ್ಜಿಯ ಜೊತೆಗೆ ಆ ಪುಟಗಳನ್ನು ಲಗತ್ತಿಸಿದ್ದಾರೆ. ತೀರ್ಮಾನ ಇನ್ನೂ ಬಂದಿಲ್ಲ.